ಅಜ್ಜನ ‘ಲಂಡನ್’ ಕ್ಯಾಮೆರಾ

ನಮ್ಮ ಮನೆಯ ಅಟ್ಟದಲ್ಲಿ ಲಂಡನ್ ಕ್ಯಾಮೆರಾ ಇದೆ ಎಂಬುದು ಹಾನಗಲ್ಲಿನ ನಮ್ಮ ಓಣಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಕಣ್ಣಾರೆ ನೋಡಿದವರು ಕಡಿಮೆ. ನಾನೂ ಸರಿಯಾಗಿ ನೋಡಿರಲಿಲ್ಲ. ಚಿಕ್ಕವಳಿದ್ದಾಗ ಗೋಣಿತಟ್ಟು ಹೊದ್ದು ಕತ್ತಲಲ್ಲಿ ನಿಂತಿದ್ದ ಅದನ್ನು ಕಂಡರೆ ನನಗೆ ಹೆದರಿಕೆ. ಮೂರು ಕಾಲು, ಮೇಲೊಂದು ಪೆಟ್ಟಿಗೆ, ಪೆಟ್ಟಿಗೆಗೆ ಒಂದೇ ಕಣ್ಣು. ಊಟ ಮಾಡದಿದ್ದರೆ ‘ಗುಮ್ಮ ಬರ್ತಾನ ನೋಡು’ ಎಂದು ಅವ್ವ ಅಟ್ಟದ ಕಡೆಗೇ ಕೈ ತೋರಿಸುತ್ತಿದ್ದಳು.

ಅಜ್ಜ 1962ರಲ್ಲಿ ಊರಿನಲ್ಲಿ ಸ್ಟುಡಿಯೊ ತೆರೆದವರು. ಅವರು ತೀರಿಕೊಂಡಾಗ ನಾನಿನ್ನೂ ಅಂಗನವಾಡಿಗೆ ಹೋಗುತ್ತಿದ್ದೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಸ್ಟುಡಿಯೊ ಮುಚ್ಚಿ ಆ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಬಂದಿತ್ತು. ಕ್ಯಾಮೆರಾ ಮತ್ತು ಅದರ ಸ್ಟ್ಯಾಂಡು ಮಾತ್ರ ನಮ್ಮ ಮನೆ ಸೇರಿದ್ದವು.

ಡಿಗ್ರಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಮನೆಯಲ್ಲಿದ್ದ ಬೇಸಿಗೆಯದು. ಹೋದ ಮಳೆಗಾಲದಲ್ಲೇ ಹೆಂಚಿನ ಮಾಡು ನಾಲ್ಕು ಕಡೆ ಸೋರಿತ್ತು. ಈ ಸಲ ಮಳೆ ಹಿಡಿಯುವುದರೊಳಗೆ ರೀಪು ಬದಲಿಸಿ ಹೊಸ ಹೆಂಚು ಹಾಕಬೇಕು, ಮೂವತ್ತೆಂಟು ಸಾವಿರ ಆಗುತ್ತದೆ ಎಂದು ಮೇಸ್ತ್ರಿ ಲೆಕ್ಕ ಕೊಟ್ಟಿದ್ದ. ಅಪ್ಪ ದಿನಾ ರಾತ್ರಿ ಆ ಚೀಟಿಯನ್ನು ತೆಗೆದು ನೋಡಿ ಮತ್ತೆ ಕಿಸೆಗಿಡುತ್ತಿದ್ದರು. ಅದೇ ಹೊತ್ತಿಗೆ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಯಾರಿಂದಲೋ ಸುದ್ದಿ ತಿಳಿದು ಮನೆಗೆ ಬಂದರು. ಅಟ್ಟ ಹತ್ತಿ, ಗೋಣಿತಟ್ಟು ಸರಿಸಿ, ಮೊಬೈಲ್ ಬೆಳಕು ಬಿಟ್ಟು ಲೆನ್ಸಿನ ಸುತ್ತ ಕೆತ್ತಿದ್ದ ಅಕ್ಷರಗಳನ್ನು ಓದಿದರು.

‘ಇಂಗ್ಲೆಂಡ್ ಮಾಲ್ ಐತ್ರಿ. ನಲವತ್ತು ಸಾವಿರ ಕೊಡ್ತೀನಿ. ರಿಸಾರ್ಟಿನವರು ಕೇಳ್ಯಾರ, ಸ್ಟ್ಯಾಂಡಿಗೆ ಲೈಟ್ ಹಾಕಿ ದೀಪದ ಕಂಬ ಮಾಡಿಸ್ತಾರಂತ. ಒಂದೀಟು ಪಾಲಿಶ್ ಹೊಡದ ಇಡ್ರಿ. ಹದಿನೈದ ದಿನ ಬಿಟ್ಟು ಬರ್ತೀನಿ. ಚಂದ ಕಂಡ್ರ ಇನ್ನೈದು ಹೆಚ್ಚಿಗಿ ಕೊಡೂಣು.’

ಅಪ್ಪನ ಮುಖದಲ್ಲಿ ಬಹಳ ದಿನಗಳ ಮೇಲೆ ನಿರಾಳ ಕಂಡಿತು. ಹೊಳಪು ಕೊಡುವ ಕೆಲಸ ನನಗೆ ಬಂತು.

ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಾಲ್ಕು ವಿಡಿಯೊ ನೋಡಿದೆ, ಅಂಗಡಿಯಿಂದ ಪಾಲಿಶ್ ಕಾಗದ ತಂದೆ. ತಪ್ಪಾದರೂ ಕಣ್ಣಿಗೆ ಬೀಳಬಾರದು ಎಂಬ ಜಾಣತನದಿಂದ ಸ್ಟ್ಯಾಂಡಿನ ಮೇಲಿನ ಪಲಗೆಯ ಅಡಿಭಾಗದಲ್ಲಿ ಉಜ್ಜಲು ಶುರು ಮಾಡಿದೆ. ಅರ್ಧ ತಾಸು ಉಜ್ಜಿದಾಗ ಕೈಗೆ ಹತ್ತಿದ ಪುಡಿ ಮರದ ಬಣ್ಣದ್ದಾಗಿರಲಿಲ್ಲ, ಬೂದಿಯಂತಿತ್ತು. ಬಗ್ಗಿ ಟಾರ್ಚ್ ಬಿಟ್ಟೆ. ಪೆನ್ಸಿಲಿನ ಅಕ್ಷರ! ಒಟ್ಟು ಏಳು ಸಾಲು ಇದ್ದಿರಬೇಕು. ನಾಲ್ಕು ನನ್ನ ಕಾಗದಕ್ಕೆ ಹತ್ತಿ ಹೋಗಿದ್ದವು. ಉಳಿದಿದ್ದು ಮೂರು:

‘ಶ್ರಾವಣ, ಮೋಡ, ಮುಂಜಾನೆ 10 – 5.’
‘ಬ್ಯಾಸಿಗಿ, ಸಂಜಿ 4 – 2.’
‘ಕೂಸು ಇದ್ದರ, ಪೂರಾ ತೆರೆ – 1.’

ಅದು ಅಜ್ಜನ ಕೈಬರಹ. ಯಾವ ಬೆಳಕಿಗೆ ಎಷ್ಟು ಸೆಕೆಂಡು ಲೆನ್ಸಿನ ಮುಚ್ಚಳ ತೆಗೆದಿರಬೇಕು ಎಂಬ ಅವರ ಲೆಕ್ಕ. ಹಳೆಯ ಸ್ಟುಡಿಯೊ ಕ್ಯಾಮೆರಾಗಳಲ್ಲಿ ಹಲವಕ್ಕೆ ಶಟರ್ ಇರುತ್ತಿರಲಿಲ್ಲ. ಮುಚ್ಚಳ ತೆಗೆ, ಎಣಿಸು, ಮುಚ್ಚು. ಅಷ್ಟೇ. ಕೂಸು ಅಲುಗಾಡುತ್ತದೆ, ಹೆಚ್ಚು ಎಣಿಸಲಾಗದು. ಅದಕ್ಕೇ ಲೆನ್ಸಿನ ಬಾಯಿ ಪೂರ್ತಿ ತೆರೆದು ಒಂದೇ ಸೆಕೆಂಡಿನಲ್ಲಿ ಮುಗಿಸುವುದು. ನಲವತ್ತು ವರ್ಷದ ಅನುಭವವನ್ನು ಅರ್ಧ ತಾಸಿನಲ್ಲಿ ಪುಡಿ ಮಾಡಿ ಊದಿಬಿಟ್ಟಿದ್ದೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಆಯಿಯ ಮುಂದೆ ಕೂತು ಒಪ್ಪಿಕೊಂಡೆ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಸ್ಟುಡಿಯೊದ ಕತ್ತಲ ಕೋಣೆಯಲ್ಲಿ ಹೈಪೋ ಕಲಸುತ್ತಿದ್ದವಳು, ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಹಿಡಿದು ಮುಖದ ಸಿಡುಬಿನ ಕಲೆ ಮುಚ್ಚುತ್ತಿದ್ದವಳು ಅವಳೇ ಎಂಬುದು ನನಗೆ ಗೊತ್ತಾಗಿದ್ದು ಆವತ್ತೇ. ಅವಳು ಬೈಯಲಿಲ್ಲ. ‘ಅಳಿಸಿದ್ದು ಅಳಿಸಿತು. ಇನ್ನ ಮುಂದ ಏನೈತಿ ಅಂತ ತಿಳಕೊಂಡು ಆಮ್ಯಾಲ ಕೈ ಹಚ್ಚು’ ಅಂದಳು.

ಪಾಲಿಶ್ ಕಾಗದ ಬದಿಗಿಟ್ಟೆ. ಅಳತೆಪಟ್ಟಿ, ನೋಟ್‌ಬುಕ್ಕು, ಭೂತಗನ್ನಡಿ ಹಿಡಿದೆ.

ಇಂಥ ಕ್ಯಾಮೆರಾದ ಗುರುತು ಹಿಡಿಯಲು ಮೊದಲು ಅಳೆಯಬೇಕಾದದ್ದು ಹಿಂದಿನ ಮಸುಕು ಗಾಜನ್ನು. ಲೆನ್ಸಿನಿಂದ ಬಂದ ಚಿತ್ರ ತಲೆಕೆಳಗಾಗಿ ಬೀಳುವುದು ಅದರ ಮೇಲೆಯೇ. ನಮ್ಮದು ಆರೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಇದಕ್ಕೆ ‘ಹೋಲ್ ಪ್ಲೇಟ್’ ಎಂದು ಹೆಸರು. 1839ರಲ್ಲಿ ಫ್ರಾನ್ಸಿನ ಡಾಗೆರ್ ತನ್ನ ಛಾಯಾಚಿತ್ರ ವಿಧಾನವನ್ನು ಜಗತ್ತಿಗೆ ತೋರಿಸಿದಾಗ ಬಳಸಿದ ತಗಡಿನ ಅಳತೆಯೂ ಇದೇ. ಅಳತೆಯಿಂದ ಕ್ಯಾಮೆರಾದ ಜಾತಿ ತಿಳಿಯುತ್ತದೆ, ಊರು ತಿಳಿಯುವುದಿಲ್ಲ.

ಊರು ಹೇಳುತ್ತಿದ್ದದ್ದು ಲೆನ್ಸು. ಅದರ ಹಿತ್ತಾಳೆಯ ಮೇಲೆ ಟೇಲರ್, ಟೇಲರ್ ಆ್ಯಂಡ್ ಹಾಬ್ಸನ್, ಲೆಸ್ಟರ್, ಇಂಗ್ಲೆಂಡ್ ಎಂದಿತ್ತು. ‘ಕುಕ್’ ಎಂಬ ಹೆಸರಿನ ಪ್ರಸಿದ್ಧ ಲೆನ್ಸುಗಳನ್ನು ಮಾಡಿದ ಕಂಪನಿ ಅದು. ವ್ಯಾಪಾರಿ ಓದಿದ್ದು ಇದನ್ನೇ. ಓಣಿಯ ‘ಲಂಡನ್’ ಹುಟ್ಟಿದ್ದೂ ಇಲ್ಲಿಂದಲೇ. ಆದರೆ ಈ ಕ್ಯಾಮೆರಾಗಳಲ್ಲಿ ಲೆನ್ಸು ಒಂದು ಸಣ್ಣ ಮರದ ಹಲಗೆಗೆ ಕೂತಿರುತ್ತದೆ. ಹಲಗೆ ಸಮೇತ ತೆಗೆದು ಬೇರೆಯದನ್ನು ಹಾಕಬಹುದು. ನಮ್ಮದರ ಹಲಗೆ ತೆಗೆದು ನೋಡಿದರೆ ಮರದ ಬಣ್ಣವೇ ಬೇರೆ. ಅದರ ಮೇಲೆ ಇನ್ಯಾವುದೋ ದೊಡ್ಡ ಲೆನ್ಸಿನ ಹಳೆಯ ಸ್ಕ್ರೂ ತೂತುಗಳೂ ಇದ್ದವು. ಅಂದರೆ ಲೆನ್ಸು ಆಮೇಲೆ ಬಂದದ್ದು. ಲೆನ್ಸಿನ ತವರು ಕ್ಯಾಮೆರಾದ ತವರಾಗಬೇಕಿಲ್ಲ.

ಸ್ಟ್ಯಾಂಡಿನ ಗುರುತು ಹೇಳಿದವರು ಪಕ್ಕದ ಓಣಿಯ ಬಡಿಗೇರ ಕಾಕಾ. ಬೆರಳಿನಿಂದ ತಟ್ಟಿ, ಮೂಸಿ ನೋಡಿ ಅಂದರು: ‘ಪಲಗಿ ಸಾಗವಾನಿ. ಕಾಲು ಮತ್ತಿ ಕಟಗಿ. ಜೋಡಣಿಗೆ ಬಿದಿರಿನ ಮೊಳಿ ಬಡದಾರ ನೋಡು. ಇದು ಯಾವ ಲಂಡನ್ನಿನದೂ ಅಲ್ಲವಾ, ನಮ್ಮ ಕಡೆ ಕೆಲಸ.’ ಕೈಯಿಂದ ತಿರುಗಿಸಿದರೆ ಪಲಗೆ ಏರುವ ಹಲ್ಲಿನ ಪಟ್ಟಿ ಮಾತ್ರ ಕಬ್ಬಿಣದ್ದು, ಎರಕ ಹೊಯ್ದದ್ದು. ಕಂಪನಿಯ ಸ್ಟ್ಯಾಂಡಾಗಿದ್ದರೆ ಎಲ್ಲಾದರೂ ಒಂದು ನಂಬರು, ಒಂದು ಮುದ್ರೆ ಇರುತ್ತಿತ್ತು. ಇದರಲ್ಲಿ ಇದ್ದದ್ದು ಪೆನ್ಸಿಲಿನ ಏಳು ಸಾಲು. ಈಗ ಮೂರು.

ಹಾಗಾದರೆ ಪೆಟ್ಟಿಗೆ ಎಲ್ಲಿಯದು? ಹಿಂಭಾಗದ ಚೌಕಟ್ಟಿನ ಮೇಲೆ ಒಂದು ಕಡೆ ಕಪ್ಪು ಬಣ್ಣ ಬಳಿದಂತಿತ್ತು. ಬೇರೆಲ್ಲೂ ಬಣ್ಣವಿಲ್ಲ. ಭೂತಗನ್ನಡಿ ಹಿಡಿದಾಗ ಮೂಲೆಗಳಲ್ಲಿ ಸಾಸಿವೆ ಕಾಳಿನಷ್ಟು ಉಬ್ಬು ಕಂಡಿತು. ಸ್ಕ್ರೂಗಳು. ಹತ್ತಿಯ ತುದಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಬಣ್ಣದ ಮೇಲಷ್ಟೇ ತೀಡಿದೆ. ಹಳೆಯ ಮರದ ಅರಗಿನ ಪಾಲಿಶ್ ಸ್ಪಿರಿಟ್ಟಿಗೆ ಕರಗುತ್ತದೆ, ಹಾಗಾಗಿ ಹನಿ ಕೂಡ ಆಚೆ ಹೋಗುವಂತಿಲ್ಲ. ಎರಡು ಸಂಜೆ ಹಿಡಿಯಿತು. ಕೊನೆಗೆ ಹಿತ್ತಾಳೆಯ ಚಿಕ್ಕ ತಗಡು ಬಾಯಿಬಿಟ್ಟಿತು. ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಪದ ಸ್ಪಷ್ಟವಾಗಿದ್ದವು: ವಾಗೀಶ್ವರಿ. ಆಲೆಪ್ಪಿ.

ಆಲೆಪ್ಪಿ ಅಂದರೆ ಕೇರಳದ ಆಲಪ್ಪುಳ. ದೋಣಿಮನೆಗಳ ಊರು ಎಂದಷ್ಟೇ ನನಗೆ ಗೊತ್ತಿತ್ತು. ಹುಡುಕಿದಾಗ ಕತೆ ತೆರೆದುಕೊಂಡಿತು. ಅಲ್ಲಿ ಕರುಣಾಕರನ್ ಎಂಬವರ ಮನೆಯವರು ಸಂಗೀತ ವಾದ್ಯ ರಿಪೇರಿ ಮಾಡುತ್ತಿದ್ದರು. 1940ರ ದಶಕದಲ್ಲಿ ಊರಿನ ಸ್ಟುಡಿಯೊದವರೊಬ್ಬರು ತಿದಿ ಹರಿದ ವಿದೇಶಿ ಕ್ಯಾಮೆರಾವನ್ನು ಅವರಲ್ಲಿಗೆ ತಂದರು. ಹಾರ್ಮೋನಿಯಂ ತಿದಿ ಸರಿಮಾಡುವವರಿಗೆ ಕ್ಯಾಮೆರಾ ತಿದಿ ಯಾವ ಲೆಕ್ಕ? ಕರುಣಾಕರನ್ ಅದನ್ನು ಸರಿಮಾಡಿದರು. ಅಷ್ಟಕ್ಕೇ ನಿಲ್ಲದೆ, ಒಳಗೆ ಏನೇನಿದೆ ನೋಡಿಕೊಂಡು ತಾವೇ ಮರ, ಹಿತ್ತಾಳೆಯಲ್ಲಿ ಇಡೀ ಕ್ಯಾಮೆರಾ ಕಟ್ಟಿದರು. ಲೆನ್ಸು ಮಾತ್ರ ಹೊರದೇಶದ್ದು. ಆ ‘ವಾಗೀಶ್ವರಿ’ ಕ್ಯಾಮೆರಾಗಳು ದೇಶದ ಎಷ್ಟೋ ಸ್ಟುಡಿಯೊಗಳಿಗೆ ಹೋದವು. ಸಣ್ಣ ಫಿಲ್ಮ್ ರೋಲಿನ ಕ್ಯಾಮೆರಾ ಎಲ್ಲರ ಕೈಗೆ ಬಂದ ಮೇಲೆ ಅವುಗಳ ಕಾಲ ಮುಗಿಯಿತು.

ಓಡಿಹೋಗಿ ಆಯಿಗೆ ತೋರಿಸಿದೆ. ಅವಳು ತಗಡನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು.

‘ಬಣ್ಣ ಬಳದಾಂವ ನಿಮ್ಮಜ್ಜನ!’

ಅಜ್ಜ ಅದನ್ನು ಹುಬ್ಬಳ್ಳಿಯ ಒಂದು ಸ್ಟುಡಿಯೊದಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ಮದುವೆ ಮನೆಯವರು ‘ಕ್ಯಾಮೆರಾ ಎಲ್ಲೀದು?’ ಎಂದು ಕೇಳುವ ಕಾಲ. ‘ಕೇರಳದ್ದು’ ಅಂದರೆ ಮುಖ ತಿರುಗಿಸುತ್ತಿದ್ದರು. ಅಜ್ಜ ಒಂದು ದಿನ ಹೆಸರಿಗೆ ಕಪ್ಪು ಬಳಿದು, ಲೆನ್ಸಿನ ಮೇಲಿನ ‘ಇಂಗ್ಲೆಂಡ್’ ತೋರಿಸತೊಡಗಿದರು. ಗಿರಾಕಿ ಹೆಚ್ಚಾದರು. ‘ಸುಳ್ಳು ಹೇಳಿದ್ದಿಲ್ಲ, ಹೇಳೂದನ್ನ ಬಿಟ್ಟಿದ್ದ ಅಷ್ಟ’ ಎಂದು ಆಯಿ ಗಂಡನ ಪರ ವಾದಿಸಿದಳು.

ಅಜ್ಜನ ಮೇಲೆ ಸಿಟ್ಟು ಬರಲಿಲ್ಲ. ಕ್ಯಾಮೆರಾ ಎಂದರೆ ಸಾಹೇಬರ ವಸ್ತು ಎಂದು ನಮ್ಮ ಜನ ನಂಬಿದ್ದಕ್ಕೆ ಕಾರಣವಿತ್ತು. ಧಾರವಾಡ ಸೀಮೆಯ ಗುಡಿಗಳನ್ನು ಮೊದಮೊದಲು ಫೋಟೊದಲ್ಲಿ ಹಿಡಿದವರು 1850ರ ದಶಕದಲ್ಲಿ ಬಂದ ಥಾಮಸ್ ಬಿಗ್ಸ್, ವಿಲಿಯಂ ಪಿಗೌ ಎಂಬ ಇಂಗ್ಲಿಷರು. ಅವರು ತೆಗೆದ ಚಿತ್ರಗಳ ದೊಡ್ಡ ಪುಸ್ತಕ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ತಾರಕೇಶ್ವರ ಗುಡಿಯೂ, ಕಮಲ ಅರಳಿದಂತಿರುವ ಅದರ ಕಲ್ಲಿನ ಛತ್ತೂ ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟಿಸಿದ ಚಾಲುಕ್ಯ ಶಿಲ್ಪದ ಪುಸ್ತಕದಲ್ಲಿವೆ. ಸಾಹೇಬರು ಕ್ಯಾಮೆರಾ ಹಿಂದೆ, ನಮ್ಮವರು ಮುಂದೆ. ಹಾಗೇ ನೋಡಿ ಬೆಳೆದ ಊರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರ ಮಗ ಕಟ್ಟಿದ ಕ್ಯಾಮೆರಾ ಎಂದರೆ ಯಾರು ನಂಬಬೇಕು?

ಆದರೆ ಈಗ ಸಂಕಟ ನನ್ನದಾಗಿತ್ತು. ವ್ಯಾಪಾರಿ ಬರಲು ಐದು ದಿನ ಉಳಿದಿತ್ತು. ತಗಡಿನ ವಿಷಯ ಅವರಿಗೆ ಗೊತ್ತಿಲ್ಲ. ಮತ್ತೆ ಒಂದು ಪದರ ಕಪ್ಪು ಬಳಿದರೆ ನಲವತ್ತು ಸಾವಿರ, ಮನೆಗೆ ಹೊಸ ಹೆಂಚು. ಇಲ್ಲವೇ ನಾಲ್ಕು ಸ್ಕ್ರೂ ಬಿಚ್ಚಿದರೆ ಮುಗಿಯಿತು. ನಿಜ ಹೇಳುತ್ತೇನೆ, ಆ ರಾತ್ರಿ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆ. ಅಪ್ಪ ನೋಡಿದರು. ಏನೆಂದು ಕೇಳಿದರು, ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅಂದರು: ‘ಅಪ್ಪ ಹೊಟ್ಟಿಗೆ ಮಾಡಿದ್ದ. ಗೊತ್ತಿದ್ದೂ ನಾವು ಮಾರಾಕ ಮಾಡೂದು ಬ್ಯಾರೆ. ಬಂದಾಗ ಇದ್ದದ್ದು ಇದ್ದಂಗ ಹೇಳೂಣು.’

ಉಳಿದ ದಿನಗಳಲ್ಲಿ ರಿಪೇರಿಯನ್ನು ನಿಲ್ಲಿಸಲಿಲ್ಲ. ತಿದಿಯ ಮೂಲೆಗಳು ಮೂರು ಕಡೆ ಬಿರುಕು ಬಿಟ್ಟಿದ್ದವು. ಪರೀಕ್ಷೆ ಸುಲಭ: ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ತಿದಿಯೊಳಗೆ ಇಡಬೇಕು, ಹೊರಗೆ ಚುಕ್ಕೆ ಕಂಡಲ್ಲೆಲ್ಲ ತೂತು. ನಮ್ಮ ತಿದಿ ಅಮಾವಾಸ್ಯೆಯ ಆಕಾಶದಂತಿತ್ತು. ಹೊಸ ತಿದಿ ಹೊಲಿಸಬೇಕೇನೋ ಎಂದುಕೊಂಡು ಹಾರ್ಮೋನಿಯಂ ರಿಪೇರಿಯವರ ಹತ್ತಿರ ಹೋದೆ. ಗಂಗೂಬಾಯಿಯವರ ಹೆಸರಿನಲ್ಲಿರುವ ಊರಿನವರಿಗೆ ಹಾರ್ಮೋನಿಯಂ ರಿಪೇರಿಯವರು ಸಿಗದೇ ಹೋಗುತ್ತಾರೆಯೇ? ಅವರು ನೋಡಿ, ‘ಇಡೀದು ಯಾಕ ತಗೀತೀರಿ, ಮೂಲಿ ಅಷ್ಟ ಸತ್ತಾವ’ ಅಂದರು. ಪೆಟ್ಟಿಗೆಯ ತಿದಿಗೆ ಹಾಕುವ ತೆಳು ಕುರಿತೊಗಲನ್ನು ಅಂಚು ಕೆತ್ತಿ ಇನ್ನೂ ತೆಳ್ಳಗೆ ಮಾಡಿ, ಒಳಗಿನಿಂದ ಅಂಟಿಸಿದರು. ಅಂಟು ಪೂರ್ತಿ ಒಣಗುವ ಮೊದಲೇ ತಿದಿಯನ್ನು ಮಡಚಿ ಮೇಲೆ ಭಾರ ಇಟ್ಟರು, ಇಲ್ಲದಿದ್ದರೆ ಮಡಿಕೆ ಮರೆತುಬಿಡುತ್ತದಂತೆ. ಸೂಜಿಮೊನೆಯಂಥ ತೂತುಗಳಿಗೆ ಕಪ್ಪು ಬಣ್ಣವೇ ಸಾಕಾಯಿತು. ಆಲಪ್ಪುಳದಲ್ಲಿ ಹುಟ್ಟಿದ್ದು ಹೇಗೋ ಹಾಗೆಯೇ ಹಾನಗಲ್ಲಿನಲ್ಲೂ ಮರುಹುಟ್ಟು ಪಡೆಯಿತು.

ಮಸುಕು ಗಾಜು ಸೀಳಿತ್ತು. ಗ್ಯಾರೇಜಿನಲ್ಲಿ ಎಂಜಿನ್ನಿನ ವಾಲ್ವ್ ಉಜ್ಜುವ ಪೇಸ್ಟ್ ತಂದು, ಎರಡು ಗಾಜುಗಳ ನಡುವೆ ಹಾಕಿ ಒಂದು ತಾಸು ಗೋಲಾಕಾರವಾಗಿ ತಿಕ್ಕಿದರೆ ಹೊಸದು ಸಿದ್ಧ. ಒರಟು ಮುಖ ಲೆನ್ಸಿನ ಕಡೆಗಿರಬೇಕು. ಉಲ್ಟಾ ಹಾಕಿದರೆ ಗಾಜಿನ ದಪ್ಪದಷ್ಟು ಫೋಕಸ್ ತಪ್ಪುತ್ತದೆ. ಗೆದ್ದಲು ಹಿಡಿದಿದ್ದ ಒಂದು ಕಾಲಿನ ತುದಿಗೆ ಬಡಿಗೇರ ಕಾಕಾ ಹಳೆಯ ಮತ್ತಿ ಮರದ ತುಂಡನ್ನೇ ಬೆಸೆದರು. ಮರಕ್ಕೆ ನಾನು ಮಾಡಿದ್ದು ಇಷ್ಟೇ: ಮೆತ್ತನೆ ಬ್ರಶ್ಶು, ಹಿಂಡಿದ ಒದ್ದೆ ಬಟ್ಟೆ, ಕೊನೆಗೆ ಜೇನುಮೇಣದ ತೆಳು ಲೇಪ. ಹಿತ್ತಾಳೆಯನ್ನು ಫಳಫಳ ಮಾಡಲಿಲ್ಲ. ಅಜ್ಜನ ಹೆಬ್ಬೆರಳು ದಿನಾ ತಾಗುತ್ತಿದ್ದ ತಿರುಪು ತಾನಾಗಿಯೇ ಹೊಳೆಯುತ್ತಿತ್ತು.

ವ್ಯಾಪಾರಿ ಹೇಳಿದ ದಿನಕ್ಕೇ ಬಂದರು. ಅಪ್ಪ ತಗಡು ತೋರಿಸಿದರು. ಅವರು ಹುಬ್ಬೇರಿಸಿ, ‘ದೇಶಿ ಮಾಲಾ? ಹಂಗಾದ್ರ ಹನ್ನೆರಡ್ರಿ’ ಅಂದರು. ಅದೂ ಸ್ಟ್ಯಾಂಡಿಗಾಗಿ. ಅಪ್ಪ ಕೈಮುಗಿದು ಚಹಾ ಕುಡಿಸಿ ಕಳಿಸಿದರು. ಹೆಂಚಿಗೆ ದುಡ್ಡು ಬಂದಿದ್ದು ಅವ್ವನ ಸ್ತ್ರೀಶಕ್ತಿ ಸಂಘದ ಸಾಲದಿಂದ. ವಾರವಾರ ಕಂತು ಕಟ್ಟುತ್ತಿದ್ದೇವೆ. ಸಂಜೆ ಹತ್ತನೆಯ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳಿ ನಾನೂ ಅಷ್ಟಿಷ್ಟು ಸೇರಿಸುತ್ತೇನೆ. ಸತ್ಯ ಹೇಳಿದ್ದಕ್ಕೆ ದೇವರು ಕೈಹಿಡಿದ ಎಂಬಂಥದ್ದೇನೂ ಆಗಲಿಲ್ಲ. ಸಾಲ ಆಯಿತು, ಅಷ್ಟೇ. ಆದರೆ ಸೋರುವುದು ನಿಂತಿದೆ.

ಶ್ರಾವಣದಲ್ಲಿ ಒಂದು ಮುಂಜಾನೆ ಕ್ಯಾಮೆರಾವನ್ನು ಪಡಸಾಲೆಗೆ ತಂದೆವು. ಈಗ ಆ ಅಳತೆಯ ಫಿಲ್ಮ್ ಸುಲಭಕ್ಕೆ ಸಿಗುವುದಿಲ್ಲ. ಫೋಟೊ ಪ್ರಿಂಟ್ ಮಾಡುವ ಕಪ್ಪು–ಬಿಳುಪು ಕಾಗದವನ್ನು ತರಿಸಿ, ಕೆಂಪು ಬಲ್ಬಿನ ಬೆಳಕಿನಲ್ಲಿ ಕತ್ತರಿಸಿ, ಅದನ್ನೇ ನೆಗೆಟಿವ್ ಆಗಿ ಡಾರ್ಕ್ ಸ್ಲೈಡಿನಲ್ಲಿ ಹಾಕಿದೆ. ಬಚ್ಚಲು ಮನೆಯೇ ಕತ್ತಲ ಕೋಣೆ. ಹೈಪೋ ಕಲಸಿದ್ದು ಆಯಿ. ಕಣ್ಣು ಮಂಜಾದರೂ ಕೈಗೆ ಅಳತೆ ನೆನಪಿತ್ತು. ಫಿಲ್ಮಿಗಿಂತ ಕಾಗದ ಬಹಳ ಮಂದ, ಬೆಳಕು ಹೆಚ್ಚು ಬೇಕು. ಎಷ್ಟು ಹೆಚ್ಚು? ಮೊದಲನೆಯದು ಮಸಿಯಾಯಿತು. ಎರಡನೆಯದರಲ್ಲಿ ಏನೂ ಮೂಡಲಿಲ್ಲ.

ಆಗ ಆಯಿ ಕೇಳಿದಳು: ‘ನೀ ಹೆಂಗ ಎಣಸ್ತಿ?’

ಮೊಬೈಲಿನ ಸ್ಟಾಪ್‌ವಾಚ್ ತೋರಿಸಿದೆ.

‘ಅದನ್ನ ನೋಡಿಕೋತ ನಿಂತ್ರ ಕುಂತವರನ್ನ ಯಾರು ನೋಡಬೇಕು? ನಿಮ್ಮಜ್ಜ ಕಾಳು ಅಳದಂಗ ಎಣಸ್ತಿದ್ದ.’

ರಾಶಿ ಅಳೆಯುವಾಗ ನಮ್ಮಲ್ಲಿ ಮೊದಲ ಅಳತೆಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಅಜ್ಜ ಒಕ್ಕಲುತನದ ಮನೆಯವರು. ಮುಚ್ಚಳ ತೆಗೆದು, ಗಿರಾಕಿಯ ಮುಖದ ಮೇಲೇ ಕಣ್ಣಿಟ್ಟು, ‘ಲಾಭಾ... ಎರಡಾ... ಮೂರಾ...’ ಎನ್ನುತ್ತಿದ್ದರಂತೆ. ಅದನ್ನು ಕೇಳುತ್ತ ಕೂತವರ ಮುಖ ತಾನಾಗಿ ಸಡಿಲಾಗುತ್ತಿತ್ತು. ಆಯಿ ಅದೇ ರಾಗದಲ್ಲಿ ಹೇಳಿ ತೋರಿಸಿದಳು. ಎಣಿಸುತ್ತ ಎಣಿಸುತ್ತ ಅವಳಿಗೆ ಬೇರೆಯೂ ನೆನಪಾದವು: ದೀಪಾವಳಿ ಹೊತ್ತಿನ ಮಧ್ಯಾಹ್ನಕ್ಕೆ ಎಷ್ಟು, ಕರಿ ಕೋಟು ಹಾಕಿದವರಿಗೆ ಎಷ್ಟು. ನಾನು ಅಳಿಸಿದ ನಾಲ್ಕರಲ್ಲಿ ಎರಡು ಸಾಲು ಹೀಗೆ ಮರಳಿ ಬಂದವು. ಇನ್ನೆರಡು ಹೋಗಿಯೇ ಹೋದವು.

ಮೂರನೆಯ ಕಾಗದಕ್ಕೆ ಆಯಿಯೇ ಕೂತಳು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ಗಾಜಿನ ಮೇಲೆ ತಲೆಕೆಳಗಾಗಿ, ಇಳಕಲ್ ಸೀರೆಯುಟ್ಟು, ನನ್ನ ಆಯಿ. ಮುಚ್ಚಳ ತೆಗೆದು ‘ಲಾಭಾ’ ಅಂದೆ. ಎಂಟರ ಹೊತ್ತಿಗೆ ಅವಳ ತುಟಿಯೂ ನನ್ನ ಜೊತೆ ಎಣಿಸುತ್ತಿತ್ತು. ಹಾಗಾಗಿ ಫೋಟೊದಲ್ಲಿ ಕಣ್ಣು, ಮೂಗು, ಸೀರೆಯ ಅಂಚು ಎಲ್ಲ ಸ್ಪಷ್ಟವಾಗಿವೆ, ಬಾಯಿ ಮಾತ್ರ ಸ್ವಲ್ಪ ಮಸುಕು. ಅದನ್ನು ಮೊಬೈಲಿನಲ್ಲಿ ತೆಗೆದು ಕಪ್ಪು–ಬಿಳುಪು ತಿರುವುಮುರುವು ಮಾಡಿ ತೋರಿಸಿದಾಗ ಅವಳು, ‘ಬಾಯಿ ಅಳ್ಳಾಡೈತಿ, ನಿಮ್ಮಜ್ಜ ಆಗಿದ್ರ ಇನ್ನೊಂದು ತಗೀತಿದ್ದ’ ಅಂದಳು. ನಾನು ತೆಗೆಯಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೇನಾದರೂ ಇದ್ದೀತು. ಹೊಳಪು ಕೊಡುವ ಮೊದಲು ಅದರ ಅಡಿಭಾಗಕ್ಕೆ ಒಮ್ಮೆ ಟಾರ್ಚ್ ಬಿಡಿ. ಹೆಸರು ಹುಡುಕಿ, ತೂತು ಎಣಿಸಿ, ಸವೆದ ಜಾಗ ಮುಟ್ಟಿ ನೋಡಿ, ಎಲ್ಲದರ ಫೋಟೊ ತೆಗೆದಿಡಿ. ಮನೆಯ ಹಿರಿಯರಿದ್ದರೆ ವಿಡಿಯೊ ನೋಡುವುದಕ್ಕಿಂತ ಮೊದಲು ಅವರನ್ನು ಕೇಳಿ. ನಮ್ಮ ಓಣಿಯವರು ಈಗಲೂ ಅದನ್ನು ಲಂಡನ್ ಕ್ಯಾಮೆರಾ ಎಂದೇ ಕರೆಯುತ್ತಾರೆ. ನೋಡಲು ಬಂದವರಿಗೆ ನಾನು ಮೊದಲು ತೋರಿಸುವುದು ಹಿಂದಿನ ತಗಡನ್ನು.